ಕುದುರೆಯ ಹೊಟ್ಟೆಯಲ್ಲಿ ಮರಳು

ಕೇಳುಗರೆಲ್ಲರಿಗೂ ನಮಸ್ಕಾರ. ಪಶುವೈದ್ಯನಾಗಿ ಕಾರವಾರ, ಅಂಕೋಲಾ ಕಡೆ ಓಡಾಡುವಾಗ ನಾನು ನೋಡಿದ್ದು ಆಕಳು, ಎಮ್ಮೆಯೇ ಜಾಸ್ತಿ. ಕುದುರೆ ಅಂದರೆ ಕಡಲ ದಂಡೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿರುಗುವ ನಾಲ್ಕಾರು ಅಷ್ಟೇ. ಅವನ್ನು ಸಾಕುವವರು ಫೋನು ಮಾಡಿದಾಗೆಲ್ಲ ಹೇಳುವ ಮಾತು ಒಂದೇ: "ಡಾಕ್ಟ್ರೇ, ನಿನ್ನೆ ಸಂಜೆವರೆಗೂ ಚೆನ್ನಾಗಿತ್ತು."

ಚೆನ್ನಾಗಿರಲಿಕ್ಕಿಲ್ಲ. ಬೆಳಿಗ್ಗೆಯೇ ಹುರುಳಿ ಬಿಟ್ಟಿರುತ್ತದೆ. ಮುಂಗಾಲಿನಿಂದ ನೆಲ ಕೆರೆದಿರುತ್ತದೆ, ತಿರುಗಿ ತಿರುಗಿ ಹೊಟ್ಟೆ ನೋಡಿಕೊಂಡಿರುತ್ತದೆ. ಬಿದ್ದು ಹೊರಳಾಡುವಾಗ ನಮಗೆ ಫೋನು. ಇದು ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಕರುಳು ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಕುತ್ತು ಬರಬಹುದು.

ದಂಡೆಯ ಕುದುರೆಗಳಲ್ಲಿ ನಾನು ಮೊದಲು ಅನುಮಾನಪಡುವುದು ಮರಳನ್ನು. ಹುಲ್ಲನ್ನು ಮರಳ ಮೇಲೆಯೇ ಹರಡುತ್ತಾರೆ. ಕುದುರೆ ಕೊನೆಯ ಕಡ್ಡಿಯನ್ನೂ ತುಟಿಯಲ್ಲಿ ಆರಿಸಿ ತಿನ್ನುತ್ತದೆ, ಜೊತೆಗೆ ಚಿಟಿಕೆ ಚಿಟಿಕೆ ಮರಳೂ ಒಳಗೆ. ಅದು ದೊಡ್ಡ ಕರುಳಿನ ತಳದಲ್ಲಿ ಕೂತುಬಿಡುತ್ತದೆ. ಮನೆಯಲ್ಲೇ ನೋಡಬಹುದು. ನೆಲಕ್ಕೆ ತಾಗದ ಐದಾರು ಉಂಡೆ ಲದ್ದಿಯನ್ನು ಗಾಜಿನ ಬಾಟಲಿಯ ನೀರಿನಲ್ಲಿ ಕದಡಿ, ಕಾಲು ಗಂಟೆ ಸುಮ್ನೆ ಇಡಿ. ತಳದಲ್ಲಿ ಮರಳು ಕೂತರೆ ನನಗೆ ಹೇಳಿ. ಕೂರದಿದ್ದರೂ ಪೂರ್ತಿ ನಂಬಬೇಡಿ, ಕೆಲವೊಮ್ಮೆ ಅದು ಒಳಗೇ ಉಳಿದಿರುತ್ತದೆ. ಮರಳು ಹೊರಹಾಕಲು ಇಸಬಗೋಲ್ ಕೊಡುವುದುಂಟು, ಪ್ರಮಾಣ ಮಾತ್ರ ಡಾಕ್ಟರೇ ಹೇಳಬೇಕು. ಅದಕ್ಕಿಂತ ಮೊದಲು ಒಂದು ಟಬ್ ತಂದು ಅದರಲ್ಲಿ ಹುಲ್ಲು ಹಾಕಿ. ದಿನಕ್ಕೆ 25ರಿಂದ 50 ಲೀಟರ್ ಸಿಹಿನೀರು ಬೇಕು. ಬೆವರಿನಲ್ಲಿ ಉಪ್ಪು ಹೋಗುತ್ತದೆ, ನೆಕ್ಕಲು ಸ್ವಲ್ಪ ಉಪ್ಪೂ ಇಡಿ. ಸಾಣಿಕಟ್ಟಾ ಉಪ್ಪಿನ ಊರಲ್ಲೇ ಇದ್ದೂ ಇದನ್ನು ಮರೆಯುತ್ತೇವೆ ನೋಡಿ!

ಹೊಟ್ಟೆನೋವು ಕಂಡ ಕೂಡಲೇ ಮೇವು ತೆಗೆದುಬಿಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಸರಿ. 60 ದಾಟಿದರೆ ಫೋನಿನಲ್ಲೇ ಹೇಳಿ, ನಾವು ಊಟ ಬಿಟ್ಟು ಓಡಿ ಬರುತ್ತೇವೆ. ಹೊರಳಾಡಲು ಬಿಡದೆ ನಿಧಾನಕ್ಕೆ ನಡೆಸಿ, ಸುಸ್ತು ಮಾಡಬೇಡಿ. ಬಾಟಲಿಯಿಂದ ಎಣ್ಣೆ ಹೊಯ್ಯುವ ಹಳೇ ಚಟ ಒಂದಿದೆಯಲ್ಲ, ಅದು ದಯವಿಟ್ಟು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಹೊಟ್ಟೆನೋವಿಗಿಂತ ಅದೇ ಕಷ್ಟ.

ಇನ್ನು ನಮ್ಮ ಮಳೆಗಾಲ. ಕೆಸರಲ್ಲಿ ನಿಂತ ಗೊರಸಿನ ಸೀಳುಗಳಲ್ಲಿ ಕಪ್ಪಗೆ, ಕೊಳೆತ ವಾಸನೆ ಬಂದರೆ ಗೊರಸು ಕೊಳೆಯುತ್ತಿದೆ ಅಂತ. ದಿನಾ ಕೆರೆದು ತೆಗೆದು, ಒರೆಸಿ, ಒಣ ಜಾಗದಲ್ಲಿ ಕಟ್ಟಿ. ಕಾಲಿಗೆ ಮೊಳೆ ಚುಚ್ಚಿದರೆ ಧನುರ್ವಾಯು ಬರಬಹುದು, ಕುದುರೆಗೆ ಅದು ಬಹಳ ಬೇಗ ತಗಲುತ್ತದೆ. ಚುಚ್ಚುಮದ್ದು ಹಾಕಿಸಿದ್ದು ಯಾವಾಗ ಅಂತ ನೆನಪಾಗದವರು ಈ ವಾರವೇ ಹತ್ತಿರದ ಪಶು ಆಸ್ಪತ್ರೆಗೆ ಬನ್ನಿ. ನಮಸ್ಕಾರ.