ಅವ್ವನ ಲೆಕ್ಕ

ಎಲ್ಲರಿಗೂ ಶರಣು ಶರಣಾರ್ಥಿ.

ಈಗ ನನ್ನನ್ನು ಪರಿಚಯಿಸಿದ ಅಣ್ಣಾವ್ರು ನಮ್ಮ ಅವ್ವನನ್ನು 'ತ್ಯಾಗಮಯಿ' ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಅವ್ವ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರೆ, ಸೆರಗು ಸರಿ ಮಾಡಿಕೊಂಡು ಪಕ್ಕದವರನ್ನು ಕೇಳುತ್ತಿದ್ದಳು: "ಯಾರಿಗಂದ್ರವಾ ಅದು?" ತ್ಯಾಗ ಅನ್ನುವ ಮಾತು ಆಕೆಯ ಬಾಯಲ್ಲಿ ನಾನು ಕೇಳಿಲ್ಲ. ಆಕೆಯ ಮಾತು ಒಂದೇ, ಲೆಕ್ಕ. ಮಳೆ ತಡವಾದರೆ "ಲೆಕ್ಕ ಹತ್ತವಲ್ದು" ಅನ್ನುತ್ತಿದ್ದಳು. ಸೊಸೆ ಸಪ್ಪಗೆ ಕೂತಿದ್ದರೂ ಅದೇ ಮಾತು. ಹಾಗಾಗಿ ಇವತ್ತು ಆಕೆಯ ಲೆಕ್ಕದ ಬಗ್ಗೆ ನಾಲ್ಕು ಮಾತಾಡುತ್ತೇನೆ. ಶಾಲೆಯ ಮೆಟ್ಟಿಲು ಹತ್ತದವಳ ಲೆಕ್ಕ.

ಆಕೆಯ ವಯಸ್ಸಿನಿಂದಲೇ ಶುರು ಮಾಡೋಣ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತಿದೆ. ನಮ್ಮೂರಿನ ಅರ್ಧ ಮುದುಕರು ಜನವರಿ 1ಕ್ಕೇ ಹುಟ್ಟಿದವರು, ಬಿಡಿ. ಅವ್ವ ಹೇಳುತ್ತಿದ್ದದ್ದು ಬೇರೆ: "ರಜಾಕಾರರ ಗದ್ದಲದಾಗ ನಮ್ಮವ್ವ ನನ್ನ ಬಗಲಾಗ ಎತ್ಕೊಂಡು ಹೊಲದಾಗ ಅಡಗಿ ಕುಂತಿದ್ಳಂತ." ರಜಾಕಾರರು ಅಂದರೆ ಹೈದರಾಬಾದ್ ನಿಜಾಮನ ಪರ ನಿಂತ ಪಡೆ. ಆ ನಿಜಾಮನ ಸೈನ್ಯ ಶರಣಾಗಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಬಗಲಲ್ಲಿ ಕೂರುವ ಕೂಸಿಗೆ ಒಂದೂವರೆ, ಎರಡು ವರ್ಷ ಅಲ್ವಾ? ಹಾಗೆ ಹಿಂದಕ್ಕೆ ಎಣಿಸಿ 1946 ಅಂತ ಇಟ್ಟುಕೊಂಡೆವು.

ಅಲ್ಲಿಂದ ಮುಂದೆ ಆಕೆಯ ಕ್ಯಾಲೆಂಡರಿನಲ್ಲಿ ಇದ್ದದ್ದು ಎರಡೇ ಪುಟ. ಬರಕ್ಕಿಂತ ಮೊದಲು, ಬರ ಆದಮೇಲೆ. ಬರ ಅಂದರೆ 1972ರದ್ದು. ಮದುವೆಯಾಗಿ ಚಿತ್ತಾಪುರ ತಾಲೂಕಿನ ನಮ್ಮೂರಿಗೆ ಬಂದದ್ದು, ಮೊದಲ ಕೂಸು ತೀರಿಕೊಂಡದ್ದು, ಅಕ್ಕ ಹುಟ್ಟಿದ್ದು ಎಲ್ಲ ಬರಕ್ಕಿಂತ ಮೊದಲು. ನಾನು ಬರ ಆದಮೇಲೆ. ಆ ವರ್ಷ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆದಳು. ಅಕ್ಕನನ್ನು ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳಂತೆ. ಸರ್ಕಾರ ಕೊಟ್ಟ ಕೆಂಪು ಜೋಳದ ರೊಟ್ಟಿ ಬಡಿದರೆ ಹರಿಯುತ್ತಿತ್ತು ಅಂತ ಸಾಯುವ ತನಕ ಬೈದಳು. ಹಸಿವಿನ ಬಗ್ಗೆ ಅಷ್ಟು ಬೈಯಲಿಲ್ಲ, ಹಿಟ್ಟಿನ ಬಗ್ಗೆ ಬೈದಳು. ಆ ರಸ್ತೆ ಈಗ ಡಾಂಬರಾಗಿದೆ. ಬಸ್ಸಿನಲ್ಲಿ ಹೋಗುವಾಗ ಒಂದು ತಿರುವು ಬಂದರೆ ಸಾಕು, ಕಿಟಕಿಯಿಂದ ಕೈ ಚಾಚಿ ಮೊಮ್ಮಗಳಿಗೆ ತೋರಿಸುತ್ತಿದ್ದಳು: "ಇಲ್ಲಿಂದ ಆ ಹುಣಸಿಗಿಡದ ತನಾ ನಂದು."

ನಮ್ಮದು ಎರೆ ಹೊಲ. ಹೆಸರು ಮತ್ತು ತೊಗರಿ. ಇಲ್ಲಿ ಕೂತವರಿಗೆ ತೊಗರಿ ಬಗ್ಗೆ ನಾನೇನು ಹೇಳಲಿ? ಮುಂಗಾರಿಗೆ ಬಿತ್ತಿದರೆ ಎಳ್ಳಮಾಸಿ ಹೊತ್ತಿಗೆ ಕೈಗೆ ಬರುವ ಬೆಳೆ. ಅಷ್ಟು ದಿನ ಅದನ್ನು ಕಾಯಬೇಕು. ಹೂವು ಬಿಟ್ಟ ಮೇಲೆ ಕಾಯಿಕೊರಕ ಬಿದ್ದರೆ ಮುಗಿಯಿತು. 1990ರ ದಶಕದ ಕೊನೆಗೆ ಕೀಟನಾಶಕದ ಎಣ್ಣೆ ಹೊಡೆದರೂ ಹುಳ ಸಾಯದ ಕಾಲ ಬಂತು. ಅಪ್ಪ ಸಾಲ ಮಾಡಿ ಇನ್ನೊಂದು ಡಬ್ಬಿ ತರಲು ಹೊರಟಿದ್ದ. ಅವ್ವ ಹಳೆಯ ಕೌದಿ ಎತ್ತಿಕೊಂಡು ಹೊಲಕ್ಕೆ ನಡೆದಳು. ಸಾಲಿನ ನಡುವೆ ಕೌದಿ ಹಾಸುವುದು, ಗಿಡ ಬಗ್ಗಿಸಿ ಝಾಡಿಸುವುದು, ಬಿದ್ದ ಹುಳ ಬಳಿಯುವುದು, ಮತ್ತೆ ಮುಂದಕ್ಕೆ. ನಮ್ಮ ಭಾಗದ ಹಳೆಯ ಪದ್ಧತಿ ಅದು, ಕೃಷಿ ವಿಜ್ಞಾನಿಗಳೂ ಆಮೇಲೆ ಅದನ್ನು ಒಪ್ಪಿ ಬರೆದರು. ನನಗೆ ಆಗ ಗೊತ್ತಿದ್ದದ್ದು ಇಷ್ಟೇ: ಹುಳದ ಡಬ್ಬಿ ಹೊರುವ ಕೆಲಸ ನನ್ನದು, ನೋಡಿದರೆ ಮೈ ಜುಂ ಅನ್ನುತ್ತಿತ್ತು. ಮನೆಯ ಕೋಳಿಗಳಿಗೆ ಮಾತ್ರ ಆ ವರ್ಷ ಹಬ್ಬ.

ರಾಶಿಯಾದ ಮೇಲೆ ಅಳೆಯುವವಳು ಅವ್ವನೇ. ಮೊದಲನೆಯ ಶೇರಿಗೆ ಒಂದು ಅನ್ನುವಂತಿಲ್ಲ, ಲಾಭ ಅನ್ನಬೇಕು. ಲಾಭ, ಎರಡು, ಮೂರು. ಒಂದು ಚೀಲ ತುಂಬಿದರೆ ಪಡಸಾಲೆಯ ಗೋಡೆಗೆ ಸುಣ್ಣದಿಂದ ಒಂದು ಗೆರೆ. ಆಳಿನ ಕೂಲಿಗೆ ಅದೇ ಗೋಡೆಯ ಇನ್ನೊಂದು ಮೂಲೆ. ಆ ಗೋಡೆಗೆ ನಾವು ಒರಗುವಂತಿರಲಿಲ್ಲ. ಒಮ್ಮೆ ನನ್ನ ಬೆನ್ನಿಗೆ ಎರಡು ಚೀಲ ತೊಗರಿ ಅಂಟಿಕೊಂಡು ಹೋಯಿತು, ಬಿದ್ದ ಏಟು ಇನ್ನೂ ನೆನಪಿದೆ. ಸಿಟ್ಟು ಬಹಳ ಇತ್ತು ಆಕೆಗೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ಬೇರೆ ಯಾರದೋ ಅವ್ವನ ಬಗ್ಗೆ ಮಾತಾಡಿದಂತಾಗುತ್ತದೆ.

ಒಂದು ವರ್ಷ ಅಪ್ಪನಿಗೆ ಜ್ವರ. ಕಲಬುರಗಿ ಪೇಟೆಗೆ ಅವ್ವನೇ ಹೊರಟಳು, ಜೊತೆಗೆ ನಾನು. ಯಾವ ಅಡತ್ ಅಂಗಡಿ ಅಂತ ಹೆಸರು ಬೇಡ. ಹತ್ತು ಚೀಲ ತೂಗಿದರು. ಮುನೀಮರು ಚೀಟಿ ಬರೆದು ಓದಿದರು. ಅವ್ವ ಒಂದು ಕಾಳು ಬಾಯಿಗೆ ಹಾಕಿ ಕಟಕ್ಕಂತ ಕಡಿದಳು. "ಕಾಳು ಒಣಗ್ಯಾವ್ರಿ. ಶೇರಿಗೆ ಶೇರು ಎಣಿಸಿ ತುಂಬೀನಿ. ನಿಮ್ಮ ಕಾಟಾ ಸುಳ್ಳ ಹೇಳ್ಲಿಕತ್ತದ. ಇಳಸ್ರಿ, ಮತ್ತ ಏರಸ್ರಿ." ಸುತ್ತ ಗಂಡಸರೇ. ನನಗೆ ನಾಚಿಕೆಯಾಗಿ ಹೊರಗೆ ಹೋಗಿ ನಿಂತೆ. ಎರಡನೇ ಸಲ ತೂಗಿದಾಗ ಒಂಬತ್ತು ಕಿಲೋ ಜಾಸ್ತಿ ಬಂತು. ಚಹಾ ತರಿಸಿದರು. ಅವ್ವ ಕುಡಿಯಲಿಲ್ಲ. "ಅದರ ರೊಕ್ಕಾನೂ ಚೀಟಿದಾಗ ಹಿಡೀತಾರ" ಅಂತ ದಾರಿಯಲ್ಲಿ ಅಂದಳು. ನಾನು ಹೊರಗೆ ನಿಂತದ್ದಕ್ಕೆ ಮಾತ್ರ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲ ಮಾಡಿದವಳ ಹೆಸರು ಪಹಣಿಗೆ ಬಂದದ್ದು ಅಪ್ಪ ತೀರಿಕೊಂಡು ಪೌತಿ ಆದ ಮೇಲೆ. ಆಗ ಅರವತ್ತು ದಾಟಿತ್ತು.

ಮೊಮ್ಮಗಳ ಮುಂದೆ ಆಕೆ ಬೇರೆಯೇ ಮನುಷ್ಯಳು. ನಮಗೆ ಏಟು ಕೊಟ್ಟ ಕೈ ಅವಳಿಗೆ ಬೆಣ್ಣೆ ಹಚ್ಚಿದ ರೊಟ್ಟಿ ಕೊಡುತ್ತಿತ್ತು. ಅವಳಿಗೆ ಆಯಿ ಅಂದರೆ ಜೀವ. ಒಂದು ದಿನ ಮೊಬೈಲ್ ಹಿಡಿದು ಕೂತು ಅವಳು ಲೆಕ್ಕ ಹಾಕಿದಳು. ದಿನಕ್ಕೆ 30 ರೊಟ್ಟಿ ಹಿಡಿದರೆ ವರ್ಷಕ್ಕೆ 10,950. ಐವತ್ತು ವರ್ಷಕ್ಕೆ ಹತ್ತಿರ ಹತ್ತಿರ ಐದೂವರೆ ಲಕ್ಷ. "ಆಯಿ, ಐದೂವರೆ ಲಕ್ಷ ರೊಟ್ಟಿ ಬಡಿದೀದಿ!" ಅವ್ವ ತೊಗರಿ ಕಟ್ಟಿಗೆಯನ್ನು ಒಲೆಗೆ ತಳ್ಳುತ್ತಾ ಅಂದಳು: "ನಿಮ್ಮ ಮುತ್ಯಾಗ ಒಂದು ರೊಟ್ಟಿ ಹೊತ್ತಿದ್ದು ಅಷ್ಟೇ ನೆನಪಿತ್ತು."

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದನ್ನು ಪೇಪರಿನಲ್ಲಿ ಓದಿ ಹೇಳಿದವಳೂ ಅವಳೇ. ನಮ್ಮ ಮಣ್ಣಿನ ಗುಣದಿಂದ ಈ ಬೇಳೆಗೆ ರುಚಿ ಹೆಚ್ಚು, ಬೇಗ ಬೇಯುತ್ತದೆ ಅಂತೆಲ್ಲ ಓದಿದಳು. "ಇದನ್ನ ಹುಡುಕ್ಲಿಕ್ಕ ಇಷ್ಟು ವರ್ಷ ಬೇಕಾಯ್ತೇನು ಅವರಿಗೆ?" ಅಂದಳು ಅವ್ವ. ಮುಂದೆ ಅದೇ ಮೊಮ್ಮಗಳಿಗೆ 371 (ಜೆ) ಕೋಟಾದಲ್ಲಿ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಡಿ ಇರುವ ಮೀಸಲಾತಿಯಲ್ಲಿ, ಸೀಟು ಸಿಕ್ಕಿತು. ಅದು ಏನು ಅಂತ ಅವ್ವನಿಗೆ ತಿಳಿಸಿ ಹೇಳಲು ನನಗೆ ಆಗಲಿಲ್ಲ. ಹಾಸ್ಟೆಲಿಗೆ ಹೊರಟವಳ ಚೀಲಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ತುಂಬಿದಳು. ಎಷ್ಟು ರೊಟ್ಟಿ ಅಂತ ಎಣಿಸಿಯೇ ತುಂಬಿದಳು. ಯಾವ ದಿನ ಮುಗಿಯುತ್ತದೆ ಅಂತ ಗೊತ್ತಿದ್ದರೆ ಆ ದಿನ ಫೋನ್ ಮಾಡಬಹುದಲ್ಲ.

ಈಗ ನನ್ನ ತಪ್ಪು ಹೇಳಬೇಕು. ಅವ್ವ ಹೋದ ವರ್ಷ ತೀರಿಕೊಂಡಳು. ಈ ಸಲ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದೆ. "ಎಲ್ಲಾ ಹೊಡೀರಿ" ಅಂತ ಹೇಳಿ ನಾನು ಕಲಬುರಗಿಗೆ ಬಂದುಬಿಟ್ಟೆ. ಹೋಗಿ ನೋಡಿದರೆ ಪಡಸಾಲೆ ಫಳಫಳ. ಒಂದು ಗೆರೆಯೂ ಇಲ್ಲ.

ಮಗಳ ಮೊಬೈಲಿನಲ್ಲಿ ಒಂದೇ ಫೋಟೊ ಉಳಿದಿದೆ. ಅವ್ವ ಬೇಳೆ ಹಸನು ಮಾಡುತ್ತಿದ್ದಾಳೆ, ಹಿಂದೆ ಗೋಡೆ ಕಾಣುತ್ತದೆ. ಉದ್ದ ಗೆರೆಗಳು ಚೀಲ ಅಂತ ಗೊತ್ತು. ಕೆಳಗೆ, ನೆಲದ ಹತ್ತಿರ, ಮೂರು ಗುಣಿಸುವ ಚಿಹ್ನೆ ಇವೆ. ಬೀಜಕ್ಕೆ ತೆಗೆದಿಟ್ಟದ್ದು ಇರಬೇಕು ಅಂತ ನಾನಂದೆ. ಕೈಗಡ ಕೊಟ್ಟದ್ದು ಅಂದಳು ನನ್ನ ಹೆಂಡತಿ. ಅಕ್ಕ ಸುಮಾರು ಹೊತ್ತು ನೋಡಿ, "ನಾವು ಮೂರು ಮಂದಿ ಅಲ್ಲೇನೋ, ಆ ಸತ್ತದ್ದನ್ನೂ ಹಿಡದು" ಅಂದಳು. ಆಕೆ ಇದ್ದಾಗ ನಾವ್ಯಾರೂ ಕೇಳಿರಲಿಲ್ಲ.

ಇಲ್ಲಿ ಹಿರಿಯ ಅವ್ವಂದಿರು ಬಹಳ ಮಂದಿ ಕೂತಿದ್ದೀರಿ. ಹಾಗೆ ಗೋಡೆಗೆ ಬರೆಯುತ್ತಿದ್ದವರೂ ಇರಬಹುದು. ಫೋಟೊ ನನ್ನ ಹತ್ತಿರ ಇದೆ, ಊಟದ ಹೊತ್ತಿಗೆ ಒಮ್ಮೆ ನೋಡಿ ಹೇಳಿ. ಶರಣು.