ಮನೆಯ ತೊಟ್ಟಿಯಲ್ಲಿ ಹವಳ: ಏರುಪೇರಿಲ್ಲದ ನೀರು

ಕೇಳುಗರಿಗೆ ನಮಸ್ಕಾರ.

ಸಿಹಿನೀರಿನ ಮೀನು ಸಾಕಿ ಪಳಗಿದವರು ಕಡಲ ನೀರಿನ ತೊಟ್ಟಿಗೆ ಕೈಹಾಕಿದಾಗ ಸಾಮಾನ್ಯವಾಗಿ ಮೊದಲು ಎಡವುವುದು ನೀರು ಆರುವ ಲೆಕ್ಕದಲ್ಲಿ. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತದೆ. 200 ಲೀಟರ್ ನೀರಿರುವ ತೊಟ್ಟಿಯಲ್ಲಿ ದಿನಕ್ಕೆ 4 ಲೀಟರ್ ಆರುತ್ತದೆ ಎಂದಿಟ್ಟುಕೊಳ್ಳಿ. ಸಾವಿರಕ್ಕೆ 35 ಪಾಲು ಇದ್ದ ಉಪ್ಪು ಮರುದಿನ 35.7 ಆಗುತ್ತದೆ, ಮೂರು ದಿನ ಮರೆತರೆ 37 ದಾಟುತ್ತದೆ. ಆಮೇಲೆ ಗಾಬರಿಯಾಗಿ 12 ಲೀಟರ್ ಒಮ್ಮೆಗೇ ಸುರಿದರೆ ಮತ್ತೆ 35ಕ್ಕೆ ಇಳಿಯುತ್ತದೆ. 35 ಇರಲಿ, 34 ಇರಲಿ, ಹವಳ ಹೊಂದಿಕೊಂಡು ಹೋಗುತ್ತದೆ. ಅದು ಸೊರಗುವುದು ಈ ಏರಿಳಿತಕ್ಕೆ. ಉಪ್ಪು, ಶಾಖ, ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟಿನ ದಾಸ್ತಾನು), ಯಾವುದನ್ನೇ ತೆಗೆದುಕೊಂಡರೂ ಮಾತು ಇದೇ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ.

ಆರಿದ ನೀರಿನ ಜಾಗಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನೇ ಹಾಕಬೇಕು, ಅದೂ ದಿನದಿನವೂ. ಫ್ಲೋಟ್ ಸ್ವಿಚ್ ಇರುವ ಚಿಕ್ಕ ಪಂಪು ಈ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಆ ಸ್ವಿಚ್ಚಿಗೆ ಶಂಖದಹುಳು ಅಂಟಿಕೊಂಡರೆ ಪಂಪು ನಿಲ್ಲುವುದೇ ಇಲ್ಲ. ಆದ್ದರಿಂದ ಶುದ್ಧ ನೀರಿನ ಡಬ್ಬ ಚಿಕ್ಕದಿರಲಿ. 10 ಲೀಟರ್ ಪೂರ್ತಿ ಸುರಿದುಹೋದರೆ ಉಪ್ಪು 33ರ ಆಸುಪಾಸಿಗೆ ಬರುತ್ತದೆ, ಹವಳ ಉಳಿಯುತ್ತದೆ. 50 ಲೀಟರಿನ ಡಬ್ಬವಾದರೆ ಉಳಿಯುವುದು ಕಷ್ಟ.

ಶುದ್ಧ ನೀರು ಎಂದರೆ ಆರ್‌ಒ ಯಂತ್ರದಿಂದ ಬಂದು, ಅದರ ಮುಂದಿನ, ಉಳಿದ ಲವಣಗಳನ್ನೂ ಹೀರುವ ಡಿಐ ರೆಸಿನ್ ಕೂಡ ದಾಟಿದ ನೀರು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಖನಿಜ ಬೆರೆಸುವ ಭಾಗವಿರುತ್ತದೆ, ಆ ನೀರು ಇದಕ್ಕೆ ಆಗದು. ನಲ್ಲಿ ನೀರಿನಲ್ಲಿ ಕ್ಲೋರಿನ್, ಫಾಸ್ಫೇಟ್, ಸಿಲಿಕೇಟ್ ಇರಬಹುದು. ಹಳೆಯ ಕೊಳವೆಗಳಿಂದ ತಾಮ್ರವೂ ಸೇರಬಹುದು. ಮೀನು ತಡೆದುಕೊಳ್ಳುವಷ್ಟು ತಾಮ್ರಕ್ಕೆ ಸೀಗಡಿ, ಶಂಖದಹುಳು, ಹವಳ ಸಾಯುತ್ತವೆ. ತೊಟ್ಟಿಯ ನೀರು ತಗಲುವ ಕಡೆ ಹಿತ್ತಾಳೆಯ ನಲ್ಲಿ, ತಾಮ್ರದ ಜೋಡಣೆ ಇರಲೇಬಾರದು.

ಉಪ್ಪು ಕಲಸುವುದಕ್ಕೂ ಒಂದು ಕ್ರಮವಿದೆ. ಬಕೆಟ್ಟಿಗೆ ಮೊದಲು ನೀರು, ಅದರೊಳಗೆ ಪಂಪು ಓಡುತ್ತಿರಬೇಕು, ಆಮೇಲೆ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಬೇಕು. ಉಪ್ಪಿನ ಮೇಲೆ ನೀರು ಸುರಿದರೆ ತಳದಲ್ಲಿ ದ್ರಾವಣ ಗಟ್ಟಿಯಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಹುಡಿಯಾಗಿ ಬೀಳುತ್ತದೆ, ಅದು ಮತ್ತೆ ಕರಗುವುದಿಲ್ಲ. ಹವಳಕ್ಕೆಂದೇ ಸಿಗುವ ಉಪ್ಪು ಲೀಟರಿಗೆ ಸುಮಾರು 36ರಿಂದ 40 ಗ್ರಾಂ ಬೇಕಾಗುತ್ತದೆ. ಚೀಲ ತೇವ ಹೀರಿದ್ದರೆ ಇನ್ನೂ ಹೆಚ್ಚು. ತೂಕ ನಂಬಿ ಕೂರಬೇಡಿ, ಅಳೆಯಿರಿ. ಅಳೆಯಲು ರಿಫ್ರಾಕ್ಟೋಮೀಟರ್ ಒಳ್ಳೆಯದು, ಅದನ್ನು 35ರ ಮಾಪನ ದ್ರಾವಣದಿಂದಲೇ ಸರಿಹೊಂದಿಸಿ. ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ನಿಲ್ಲಿಸಿದ ಉಪಕರಣ 35ರ ಹತ್ತಿರ ತಪ್ಪು ತೋರಿಸಬಹುದು. ಮುಳ್ಳು ಮೇಲೇಳುವ ಅಗ್ಗದ ಹೈಡ್ರೋಮೀಟರಿನಲ್ಲಿ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ಕೆಡುತ್ತದೆ.

ಇನ್ನು ತೊಟ್ಟಿ. 200 ಲೀಟರ್ ಕಡಲ ನೀರೊಂದೇ 205 ಕಿಲೋ ತೂಗುತ್ತದೆ. ಗಾಜು, ಕಲ್ಲು, ಸ್ಟ್ಯಾಂಡು ಬೇರೆ. ನೆಲ ಸಮತಟ್ಟಾಗಿದೆಯೇ ಎಂದು ನೀರು ತುಂಬುವ ಮೊದಲೇ ಮಟ್ಟಗೋಲು ಇಟ್ಟು ನೋಡಿ. ಕೆಳಗೆ ಸಂಪು, ಅಂದರೆ ಮೇಲಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೇರುವ ಎರಡನೆಯ ತೊಟ್ಟಿ, ಇಡುವವರು ಒಂದು ಪರೀಕ್ಷೆ ತಪ್ಪಿಸಬಾರದು. ಪೂರ್ತಿ ತುಂಬಿ, ಎಲ್ಲ ಓಡುತ್ತಿರುವಾಗ ಪಂಪಿನ ವೈರು ಕೀಳಿ. ಮೇಲಿನ ತೊಟ್ಟಿಯಿಂದ ನೀರು ಇಳಿದು ಇಳಿದು ಒಂದು ಮಟ್ಟಕ್ಕೆ ನಿಲ್ಲಬೇಕು, ಅಷ್ಟೂ ನೀರು ಸಂಪಿನಲ್ಲಿ ಹಿಡಿಸಬೇಕು. ನಿಲ್ಲದಿದ್ದರೆ ನೀರು ಮೇಲೇರಿಸುವ ಕೊಳವೆಯ ಬಾಯಿ ತುಂಬ ಆಳದಲ್ಲಿದೆ ಎಂದರ್ಥ. ಬಾಯಿಯನ್ನು ನೀರಿನ ಮೇಲ್ಮೈಗೆ ಹತ್ತಿರ ತನ್ನಿ. ಗಾಳಿ ಎಳೆಯಲೆಂದು ಕೊಳವೆಗೆ ತೂತು ಕೊರೆಯುವ ರೂಢಿ ಇದೆ, ಆದರೆ ಪಾಚಿ ಕಟ್ಟಿ ಆ ತೂತು ಮುಚ್ಚಿಹೋಗುತ್ತದೆ. ಅದೊಂದನ್ನೇ ನೆಚ್ಚಿದವರ ಮನೆಯಲ್ಲಿ ನೆಲದ ಮೇಲೆ ನೀರು ನಿಲ್ಲುವುದು ಹೀಗೆ. ವಿದ್ಯುತ್ ವೈರುಗಳೆಲ್ಲ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು, ಆಮೇಲೆ ಮೇಲಕ್ಕೆ ಹೋಗಲಿ. ಹನಿ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಸೋರಿದರೆ ತಾನೇ ಅದನ್ನು ಕಡಿಯುವ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಉಪ್ಪುನೀರಿಗೆ ಕೈ ಇಳಿಸಬೇಡಿ.

ತೊಟ್ಟಿ ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ಮನೆಮಾಡಬೇಕು. ಅಮೋನಿಯಾವನ್ನು ನೈಟ್ರೈಟಿಗೆ, ನೈಟ್ರೈಟನ್ನು ನೈಟ್ರೇಟಿಗೆ ತಿರುಗಿಸುವವು ಅವೇ. ಒಣಕಲ್ಲು ಹಾಕಿದ ತೊಟ್ಟಿಗೆ ಶುದ್ಧ ಅಮೋನಿಯಾ ದ್ರಾವಣವನ್ನು 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಆಗುವಷ್ಟು ಹಾಕಿ ಕಾಯಿರಿ. ಹಾಗೆ ಹಾಕಿದ್ದು 24 ಗಂಟೆಯಲ್ಲಿ ಪೂರ್ತಿ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆಗೆ ಬಂದರೆ ತೊಟ್ಟಿ ಮೀನಿಗೆ ಸಿದ್ಧ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೈಟ್ರೈಟ್ ಇನ್ನೂ ಇರುವಾಗ ನೈಟ್ರೇಟ್ ಕಿಟ್ಟು ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ, ಆ ಅಂಕಿ ನೋಡಿ ಹೆದರಬೇಕಾಗಿಲ್ಲ. ಈ ಕೆಲಸಕ್ಕೆ ಜೀವಂತ ಮೀನನ್ನು ಬಳಸುವುದು ಕ್ರೌರ್ಯ. ಕಡಲ ನೀರಿನ ಪಿಎಚ್ 8ರ ಮೇಲಿರುವುದರಿಂದ ಅಮೋನಿಯಾದ ವಿಷ ಇಲ್ಲಿ ಸಿಹಿನೀರಿಗಿಂತ ತೀಕ್ಷ್ಣ. ಮೀನಿನ ಕಿವಿರು ಸುಡುತ್ತದೆ.

ಆಮೇಲಿನ ಎರಡು ಮೂರು ತಿಂಗಳು ತೊಟ್ಟಿ ನೋಡಲು ಚೆನ್ನಾಗಿರುವುದಿಲ್ಲ. ಮರಳಿನ ಮೇಲೆ ಕಂದು ಧೂಳಿನಂಥ ಡಯಾಟಮ್, ಅದರ ಹಿಂದೆ ಹಸಿರು ಪಾಚಿ. ಎರಡೂ ಬಂದು ಹೋಗುವಂಥವು. ಕಡುಗೆಂಪು ಪದರವಾಗಿ ಹಾಸಿಕೊಂಡು, ಎಳೆದರೆ ಚಾಪೆಯಂತೆ ಸುಲಿದು ಬರುವುದು ಸಯನೋಬ್ಯಾಕ್ಟೀರಿಯಾ. ಹೆಚ್ಚಾಗಿ ನೀರಿನ ಓಟ ಕಡಿಮೆ ಇರುವ ಮೂಲೆಗಳಲ್ಲಿ ಕಾಣುತ್ತದೆ. ಜೋಪಾನವಾಗಿ ನೋಡಬೇಕಾದದ್ದು ಡೈನೋಫ್ಲಾಜೆಲೇಟ್. ಕಂದು ಲೋಳೆಯ ಎಳೆ, ತುದಿಯಲ್ಲಿ ಗಾಳಿಗುಳ್ಳೆ. ಸಂಜೆಗೆ ದಟ್ಟವಾಗಿ ರಾತ್ರಿ ಕಳೆದರೆ ಕಡಿಮೆ, ಒರೆಸಿದ ಕೆಲವೇ ಗಂಟೆಗಳಲ್ಲಿ ಮತ್ತೆ ಹಾಜರು. ಪಾಚಿ ಎಂದರೆ ಕೊಳೆ ಎಂದುಕೊಂಡು ನೀರು ಬದಲಿಸುತ್ತಾ, ಫಾಸ್ಫೇಟ್ ಹೀರುವ ಹರಳು ತುಂಬುತ್ತಾ ಹೋದವರಿಗೇ ಇದು ಹೆಚ್ಚು ಕಾಟ ಕೊಡುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದ ತೊಟ್ಟಿ ಅದಕ್ಕೆ ಹೇಳಿಮಾಡಿಸಿದ ಜಾಗ. ಆ ಹರಳು ತೆಗೆದುಹಾಕಿ, ಮೀನಿಗೆ ಆಹಾರ ಹೆಚ್ಚಿಸಿ, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ನಿಲ್ಲಿಸಿ. ಹವಳಕ್ಕೂ ಅಷ್ಟು ಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ, ಆಲ್ಕಲಿನಿಟಿ. ಕಾಗದ ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ. ಗಟ್ಟಿ ಹವಳ ತನ್ನ ಅಸ್ಥಿ ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ನೀರಿನಲ್ಲಿ ಕ್ಯಾಲ್ಸಿಯಂ ದಂಡಿಯಾಗಿರುತ್ತದೆ, 420 ಪಿಪಿಎಂನಷ್ಟು; ಕಾರ್ಬೊನೇಟಿನ ದಾಸ್ತಾನು ಚಿಕ್ಕದು. ಆ ದಾಸ್ತಾನಿನ ಅಳತೆಯೇ ಆಲ್ಕಲಿನಿಟಿ, ಡಿಕೆಎಚ್ ಎಂಬ ಮಾನದಲ್ಲಿ ಹೇಳುತ್ತಾರೆ. ಕಡಲಿನಲ್ಲಿ ಸುಮಾರು 7, ತೊಟ್ಟಿಯಲ್ಲಿ 8ರಿಂದ 9 ಇಟ್ಟುಕೊಂಡರೆ ಸರಿ. 1 ಡಿಕೆಎಚ್ ಖರ್ಚಾದಾಗ ಅದರ ಜೊತೆ ಕ್ಯಾಲ್ಸಿಯಂ 7 ಪಿಪಿಎಂ ಮಾತ್ರ ಇಳಿಯುತ್ತದೆ. ಕ್ಯಾಲ್ಸಿಯಂ ಕಿಟ್ಟಿನಲ್ಲಿ ಅಷ್ಟು ಚಿಕ್ಕ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದ್ದರಿಂದ ದಿನನಿತ್ಯ ಕಣ್ಣಿಡಬೇಕಾದದ್ದು ಆಲ್ಕಲಿನಿಟಿಯ ಮೇಲೆ.

ಅಳೆಯುವುದು ಕಷ್ಟವೇನಲ್ಲ. ಹನಿ ಹಾಕುವ ಸಾಧಾರಣ ಕಿಟ್ಟಿನಲ್ಲಿ 5 ಮಿಲಿ ನೀರಿಗೆ ಒಂದೊಂದೇ ಹನಿ ಬಿಡುತ್ತಾ ಹೋದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ, ಒಂದು ಹನಿಗೆ 1 ಡಿಕೆಎಚ್. 10 ಮಿಲಿ ನೀರು ತೆಗೆದುಕೊಂಡರೆ ಒಂದು ಹನಿ ಅರ್ಧ ಡಿಕೆಎಚ್ ಆಗುತ್ತದೆ, ಅಳತೆ ಇಮ್ಮಡಿ ಸೂಕ್ಷ್ಮವಾಗುತ್ತದೆ. ಹನಿ ಬಿಡುವಾಗ ಬಾಟಲಿ ನೆಟ್ಟಗೆ ಇರಲಿ, ಓರೆ ಮಾಡಿದರೆ ಹನಿಯ ಗಾತ್ರ ಬದಲಾಗುತ್ತದೆ. ದಿನವೂ ಒಂದೇ ಹೊತ್ತಿಗೆ ಅಳೆಯಿರಿ. ಸೋಮವಾರ ರಾತ್ರಿ 9 ಇದ್ದದ್ದು, ಏನೂ ಸೇರಿಸದೆ, ಶುಕ್ರವಾರ ರಾತ್ರಿ 8 ಆಯಿತು ಎನ್ನಿ. ನಾಲ್ಕು ದಿನಕ್ಕೆ 1, ಅಂದರೆ ದಿನಕ್ಕೆ ಕಾಲು ಡಿಕೆಎಚ್ ಖರ್ಚು. 200 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು 6 ಗ್ರಾಂ ಅಡುಗೆ ಸೋಡಾ ಬೇಕು. ಬೇಕಿಂಗ್ ಪೌಡರ್ ಅಲ್ಲ, ಬೇರೇನೂ ಬೆರೆಯದ ಸೋಡಿಯಂ ಬೈಕಾರ್ಬೊನೇಟ್. ಹಾಗಾದರೆ ದಿನಕ್ಕೆ ಒಂದೂವರೆ ಗ್ರಾಂ. ಶುದ್ಧ ನೀರಿನಲ್ಲಿ ಕರಗಿಸಿ, ನೀರಿನ ಓಟ ಜೋರಾಗಿರುವ ಕಡೆ ನಿಧಾನವಾಗಿ ಬಿಡಿ. ಪ್ರತಿ 6 ಗ್ರಾಂ ಸೋಡಾಕ್ಕೆ ಜೋಡಿಯಾಗಿ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 5 ಗ್ರಾಂಗಿಂತ ತುಸು ಹೆಚ್ಚು ಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಬೆರೆಸಬೇಡಿ, ಒಂದೇ ಜಾಗದಲ್ಲಿ ಬೆನ್ನುಬೆನ್ನಿಗೂ ಹಾಕಬೇಡಿ. ಅಲ್ಲೇ ಸುಣ್ಣವಾಗಿ ಉದುರಿಬಿಡುತ್ತದೆ. ಅರ್ಧ ಗಂಟೆಯಾದರೂ ಅಂತರವಿರಲಿ.

ಈ ಲೆಕ್ಕದ 200 ಲೀಟರ್ ಎಂದರೆ ನಿಜವಾಗಿ ಇರುವ ನೀರು, ತೊಟ್ಟಿಯ ಉದ್ದ ಅಗಲದಿಂದ ಬಂದದ್ದಲ್ಲ. ಕಲ್ಲು, ಮರಳು ಜಾಗ ತಿನ್ನುತ್ತವೆ. ಮೊದಲ ಸಲ ತುಂಬುವಾಗ ಬಕೆಟ್ ಎಣಿಸಿಟ್ಟುಕೊಂಡರೆ ಮುಂದೆಂದೂ ಅನುಮಾನವಿರುವುದಿಲ್ಲ.

ಅಂಕಿ ಕೆಳಗಿಳಿದಿದೆಯೆಂದು ಒಂದೇ ದಿನ ಮೇಲೆತ್ತಬೇಡಿ. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಏರಿಸದಿರುವುದು ಕ್ಷೇಮ. 6.5 ಇದ್ದದ್ದನ್ನು ಒಂದೇ ರಾತ್ರಿ 9ಕ್ಕೆ ಏರಿಸಿದಾಗ ಅಕ್ರೊಪೊರಾದಂಥ ಹವಳ ಬುಡದಿಂದಲೇ ಮೈ ಕಳಚಿ ಬಿಳಿಯ ಕಡ್ಡಿಯಾಗಿ ನಿಲ್ಲಬಹುದು. ಆಲ್ಕಲಿನಿಟಿ ಎತ್ತರದಲ್ಲಿದ್ದು ನೈಟ್ರೇಟ್, ಫಾಸ್ಫೇಟ್ ಸೊನ್ನೆಯಿದ್ದರೆ ಕೊಂಬೆಯ ತುದಿಗಳು ಸುಟ್ಟಂತಾಗುತ್ತವೆ. ಎಷ್ಟು ಹಾಕಿದರೂ ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ನಿಲ್ಲುತ್ತಿಲ್ಲ, ಹೀಟರಿನ ಮೇಲೆ ಬಿಳಿ ಪದರ ಕಟ್ಟುತ್ತಿದೆ ಎಂದರೆ ಮೆಗ್ನೀಸಿಯಂ ಅಳೆದು ನೋಡಿ. ಅದು 1300ರ ಆಸುಪಾಸಿನಲ್ಲಿರಬೇಕು. ಇನ್ನೊಂದು ಸೂಚನೆ ಹಲವರ ಗಮನಕ್ಕೆ ಬರುವುದಿಲ್ಲ. ದಿನದ ಅಳತೆಯಷ್ಟೇ ಹಾಕುತ್ತಿದ್ದರೂ ಆಲ್ಕಲಿನಿಟಿ ಏರತೊಡಗಿದರೆ, ಹವಳ ಬೆಳೆಯುವುದನ್ನು ನಿಲ್ಲಿಸಿದೆ ಎಂದರ್ಥ. ಬಣ್ಣ ಮಾಸುವ ಮೊದಲೇ ಹನಿ ಲೆಕ್ಕ ಅದನ್ನು ಹೇಳುತ್ತದೆ. ಸೋಡಾ ಕಡಿಮೆ ಮಾಡಿ, ಉಪ್ಪು, ಶಾಖ, ಬೆಳಕು ಮೂರನ್ನೂ ಅವತ್ತೇ ಪರೀಕ್ಷಿಸಿ.

ಶಾಖ 25ರಿಂದ 27 ಡಿಗ್ರಿ. ಅದು 30 ದಾಟಿ ನಿಂತರೆ ಹವಳ ತನ್ನ ಮೈಯೊಳಗಿನ ಏಕಕೋಶ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಅದರ ಬಹುಪಾಲು ಆಹಾರ ಆ ಪಾಚಿಯಿಂದಲೇ ಬರುವಂಥದ್ದು. ನೀರಿನ ಮೇಲೆ ಬೀಸುವ ಚಿಕ್ಕ ಫ್ಯಾನು ಎರಡು ಮೂರು ಡಿಗ್ರಿ ಇಳಿಸುತ್ತದೆ. ನೀರು ಹೆಚ್ಚು ಆರುತ್ತದೆ ಎಂಬುದು ನೆನಪಿರಲಿ. ಹೀಟರು ಕೆಡುವಾಗ ಹಲವು ಸಲ ಆರದೆ ಉರಿಯುತ್ತಲೇ ಇರುತ್ತದೆ. ದೊಡ್ಡದೊಂದರ ಬದಲು ಚಿಕ್ಕವೆರಡು ಹಾಕಿ, ಬೇರೆ ಥರ್ಮೋಸ್ಟಾಟ್ ಮೂಲಕ ಓಡಿಸಿ.

ಬೆಳಕಿನ ವಿಚಾರದಲ್ಲಿ ಹೊಸಬರ ತಪ್ಪು ಅತಿಯಾಸೆ. ಅಣಬೆ ಹವಳ, ಮೆತ್ತನೆಯ ಹವಳದಂಥ ಜೋಆಂತಿಡ್‌ಗಳಿಗೆ 50ರಿಂದ 100 ಪಾರ್ (ಪಾಚಿ ಬಳಸಿಕೊಳ್ಳುವ ಬೆಳಕಿನ ಅಳತೆ) ಸಾಕು, ಅಕ್ರೊಪೊರಾಕ್ಕೆ 200ರಿಂದ 350. ಹೊಸದಾಗಿ ತಂದ ತುಂಡನ್ನು ತಳದಲ್ಲಿಟ್ಟು ವಾರಗಟ್ಟಲೆ ಹಿಡಿದು ಮೇಲಕ್ಕೆ ತನ್ನಿ. ಯೂಫಿಲಿಯಾ ಜಾತಿಯ ಹವಳ ರಾತ್ರಿ ಉದ್ದನೆಯ ಕುಟುಕು ಎಳೆಗಳನ್ನು ಚಾಚುತ್ತದೆ, ಪಕ್ಕದ ಹವಳಕ್ಕೂ ಅದಕ್ಕೂ 15 ಸೆಂಟಿಮೀಟರ್ ಬಿಡಿ. ಜೋಆಂತಿಡ್, ಪ್ಯಾಲಿಥೋವಾ ಮುಟ್ಟುವಾಗ ಕೈಗವಸು, ಕನ್ನಡಕ ಬೇಕೇಬೇಕು. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರಬಹುದು. ಅವು ಅಂಟಿದ ಕಲ್ಲನ್ನು ಕುದಿಸಬಾರದು, ಬಿಸಿನೀರಲ್ಲಿ ಉಜ್ಜಲೂಬಾರದು. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಮೀನು ತರುವಾಗ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನಿನಂಥವನ್ನು ಆರಿಸಿ. ಅವು ಆಹಾರಕ್ಕೆ ಒಗ್ಗಿರುತ್ತವೆ, ಕಡಲಿನಿಂದ ಹಿಡಿದು ತರುವುದೂ ತಪ್ಪುತ್ತದೆ. ಮ್ಯಾಂಡರಿನ್ ಮೀನು ಚೆಲುವಾದದ್ದು ನಿಜ, ಆದರೆ ಕಲ್ಲಿನ ಮೇಲಿನ ಕೊಪೆಪಾಡ್ ಹುಳುಗಳೇ ಅದರ ಊಟ. ಹೊಸ ತೊಟ್ಟಿಯಲ್ಲಿ ಹಸಿದು ಸಾಯುತ್ತದೆ. ಯಾವ ಮೀನಾದರೂ ಮೊದಲು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇರಲಿ. ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಹವಳದ ತೊಟ್ಟಿಗೆ ಹೊಕ್ಕರೆ ಅಲ್ಲಿ ತಾಮ್ರದ ಔಷಧಿ ಹಾಕುವಂತಿಲ್ಲ. ಮೀನುಗಳನ್ನೆಲ್ಲ ಹೊರತೆಗೆದು ಬೇರೆ ಕಡೆ ಚಿಕಿತ್ಸೆ ಕೊಟ್ಟು, ಹವಳದ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುವುದು ಅನುಭವಸ್ಥರ ರೂಢಿ. ಹವಳ, ಕಲ್ಲುಗಳನ್ನು ಕಿತ್ತು ಮೀನು ಹಿಡಿಯುವ ಆ ಪಾಡಿಗಿಂತ ಮೊದಲೇ ಬೇರೆ ಇಡುವುದು ಎಷ್ಟೋ ಸುಲಭ.

ಕರೆಂಟು ಹೋದಾಗ ಮೊದಲು ಮುಗಿಯುವುದು ಆಮ್ಲಜನಕ. ಬೆಳಕು ಎರಡು ಮೂರು ದಿನ ಇಲ್ಲದಿದ್ದರೂ ನಡೆಯುತ್ತದೆ, ಶಾಖ ನಿಧಾನವಾಗಿ ಬದಲಾಗುತ್ತದೆ, ಆದರೆ ಮೀನು ತುಂಬಿದ ತೊಟ್ಟಿಯಲ್ಲಿ ಓಟ ನಿಂತ ನೀರು ಕೆಲವೇ ಗಂಟೆಗಳಲ್ಲಿ ಉಸಿರುಗಟ್ಟಿಸುತ್ತದೆ. ಕರೆಂಟು ಹೋದೊಡನೆ ತಾನೇ ಶುರುವಾಗುವ ಬ್ಯಾಟರಿ ಗಾಳಿಪಂಪು ಒಂದನ್ನು ತೊಟ್ಟಿಗೆ ಕಟ್ಟಿಡಿ, ಆ ಹೊತ್ತಿನಲ್ಲಿ ಮೀನಿಗೆ ಏನನ್ನೂ ತಿನ್ನಲು ಹಾಕಬೇಡಿ. ಪಂಪಿಲ್ಲದಿದ್ದರೆ ಚೊಂಬಿನಲ್ಲಿ ನೀರೆತ್ತಿ ಒಂದು ಅಡಿ ಮೇಲಿನಿಂದ ಮತ್ತೆ ತೊಟ್ಟಿಗೇ ಸುರಿಯಿರಿ, ಕಾಲು ಗಂಟೆಗೊಮ್ಮೆ ಇಪ್ಪತ್ತು ಮೂವತ್ತು ಸಲ. ಕರೆಂಟು ಬಂದ ಮೇಲೆ ಸಂಪಿನ ನೀರಿನ ಮಟ್ಟ, ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರಿನ ಲೋಟ, ಪ್ರತಿಯೊಂದು ಪಂಪು ನೋಡಿ. ನಿಂತ ಪಂಪು ಸುಣ್ಣ ಕಟ್ಟಿದ್ದರೆ ಮತ್ತೆ ತಿರುಗುವುದಿಲ್ಲ. ಹಾಗಾಗದಿರಲು ಎರಡು ಮೂರು ತಿಂಗಳಿಗೊಮ್ಮೆ ಪಂಪುಗಳನ್ನು ಬಿಚ್ಚಿ, ಒಂದು ಪಾಲು ವಿನಿಗರ್, ಒಂದು ಪಾಲು ನೀರು ಬೆರೆಸಿ ಒಂದೆರಡು ಗಂಟೆ ನೆನೆಹಾಕಿ, ಚೆನ್ನಾಗಿ ತೊಳೆದು ಮತ್ತೆ ಜೋಡಿಸಿ.

ನಮಸ್ಕಾರ.