ಬಾಸ್ಟನ್ನಿನಲ್ಲಿ ಕಸುಬು ಕಲಿತ ಹುಡುಗ, ಆ ಕಲಿಕೆಯ ಖರ್ಚು

ನೀವೀಗ ನೋಡುತ್ತಿರುವುದು ಬಾಸ್ಟನ್ ನಗರದ ಮಿಲ್ಕ್ ಸ್ಟ್ರೀಟ್. ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆತ್ತುತ್ತೇನೆ. ಕಟ್ಟಡದ ಮುಂಭಾಗದಲ್ಲಿ ಕಾಣುವ ಆ ಶಿಲ್ಪ ಬೆಂಜಮಿನ್ ಫ್ರಾಂಕ್ಲಿನ್‌ನದು. 1706ರಲ್ಲಿ ಅವನು ಹುಟ್ಟಿದ ಮನೆ ಈ ಜಾಗದಲ್ಲಿತ್ತು. ಅವನ ವಿಜ್ಞಾನ, ರಾಜಕಾರಣಗಳ ಬಗ್ಗೆ ಬೇಕಾದಷ್ಟು ವಿಡಿಯೊಗಳಿವೆ. ಅವನು ಕಸುಬು ಕಲಿತದ್ದು ಹೇಗೆ, ಆ ಕಲಿಕೆಯ ಖರ್ಚನ್ನು ಯಾರು ಹೊತ್ತರು ಎಂಬುದೇ ನನ್ನ ಇಂದಿನ ವಿಷಯ.

ತಂದೆ ಜೋಸಾಯ ಮೇಣದಬತ್ತಿ, ಸಾಬೂನು ಮಾಡುತ್ತಿದ್ದವನು, ಮಕ್ಕಳು 17. ಬೆಂಜಮಿನ್‌ನನ್ನು ಪಾದ್ರಿ ಮಾಡಬೇಕೆಂದು ಶಾಲೆಗೆ ಕಳಿಸಿ, ಮುಂದೆ ಕಾಲೇಜಿಗೆ ತಗಲುವ ಖರ್ಚನ್ನು ನೆನೆದು ಬಿಡಿಸಿದ. ಹುಡುಗನಿಗೆ ಮೇಣದಬತ್ತಿಯ ಕೆಲಸ ಹಿಡಿಸಲಿಲ್ಲ. ಆಗ ತಂದೆ ಅವನನ್ನು ಕರೆದುಕೊಂಡು ಬಡಗಿಗಳು, ಗಾರೆಯವರು, ಹಿತ್ತಾಳೆ ಕೆಲಸದವರು ದುಡಿಯುವುದನ್ನು ತೋರಿಸುತ್ತ ಊರೆಲ್ಲ ತಿರುಗಿದ. ಕೊನೆಗೆ, ಲಂಡನ್ನಿನಲ್ಲಿ ಚಾಕು ಮಾಡುವ ಕಸುಬು ಕಲಿತು ಬಂದಿದ್ದ ತನ್ನ ಅಣ್ಣನ ಮಗ ಸ್ಯಾಮ್ಯುಯೆಲ್‌ನ ಬಳಿ ಕೆಲವು ದಿನ ಬಿಟ್ಟ. ಸ್ಯಾಮ್ಯುಯೆಲ್ ಕಲಿಸುವುದಕ್ಕೆ ಶುಲ್ಕ ನಿರೀಕ್ಷಿಸಿದ. ತಂದೆ ಬೇಸರಪಟ್ಟು ಮಗನನ್ನು ಮನೆಗೆ ಕರೆತಂದ.

ಈ ಶುಲ್ಕದ ಬಳಿ ನಾನು ಬಹಳ ದಿನ ನಿಂತಿದ್ದೇನೆ. ಮೊದಲು ಓದಿದಾಗ ನನಗೆ ಸ್ಯಾಮ್ಯುಯೆಲ್‌ನ ಮೇಲೆ ಸಿಟ್ಟು ಬಂದಿತ್ತು. ಸ್ವಂತ ಚಿಕ್ಕಪ್ಪನ ಮಗನಿಗೆ ಕಲಿಸಲು ಹಣ ಕೇಳುವುದೇ ಎನಿಸಿತ್ತು. ಆದರೆ ಇಂಗ್ಲೆಂಡಿನಲ್ಲಿ ಈ ಶುಲ್ಕ ಎಷ್ಟು ಸಾಮಾನ್ಯವಾಗಿತ್ತೆಂದರೆ, 1710ರಲ್ಲಿ ಅಲ್ಲಿನ ಸರ್ಕಾರ ಅದರ ಮೇಲೆಯೇ ತೆರಿಗೆ ಹಾಕಿತು. ಯಜಮಾನನ ಕಡೆಯಿಂದ ನೋಡಿದರೆ ಕಾರಣ ತಿಳಿಯುತ್ತದೆ. ಹೊಸ ಹುಡುಗ ಮೊದಲ ದಿನದಿಂದಲೇ ಊಟ ಮಾಡುತ್ತಾನೆ, ಸರಕು ಕೆಡಿಸುತ್ತಾನೆ, ಕಲಿಸುವವನ ಹೊತ್ತು ತಿನ್ನುತ್ತಾನೆ. ನನ್ನ ಸೋದರಮಾವ ಊರಿನ ಮುದ್ರಣಾಲಯದಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಲು ಕಲಿಯುವಾಗ, ಅಚ್ಚಾದ ಪುಟದ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ತುಂಬುವುದರಲ್ಲೇ ಮೊದಲ ತಿಂಗಳುಗಳು ಕಳೆದವಂತೆ. ಒಂದು ಒತ್ತಕ್ಷರ ತಪ್ಪು ಖಾನೆಗೆ ಬಿದ್ದರೆ ಮರುದಿನ ಹಿರಿಯ ಕೆಲಸಗಾರನ ಕೈ ನಿಲ್ಲುತ್ತಿತ್ತು. ಈ ನಷ್ಟವನ್ನು ತುಂಬಿಕೊಡಲು ಎರಡು ದಾರಿಗಳಿದ್ದವು: ತಂದೆ ಮೊದಲೇ ಹಣ ಕೊಡಬೇಕು, ಇಲ್ಲವೇ ಹುಡುಗ ಕೆಲಸ ಕಲಿತ ಮೇಲೂ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಯಬೇಕು.

ಬೆಂಜಮಿನ್‌ನ ಪಾಲಿಗೆ ಬಂದದ್ದು ಎರಡನೆಯ ದಾರಿ. 1717ರಲ್ಲಿ ಇಂಗ್ಲೆಂಡಿನಿಂದ ಮುದ್ರಣಯಂತ್ರ ತಂದಿದ್ದ ಅಣ್ಣ ಜೇಮ್ಸ್‌ನೊಡನೆ 12ನೆಯ ವಯಸ್ಸಿನಲ್ಲಿ ಕರಾರಾಯಿತು. 21 ತುಂಬುವವರೆಗೆ ದುಡಿಮೆ, ಕೂಲಿ ಕೊನೆಯ ಒಂದು ವರ್ಷಕ್ಕೆ ಮಾತ್ರ.

ಇದು ಕೋರ್ಟ್ ಸ್ಟ್ರೀಟ್. ಆ ಕಾಲಕ್ಕೆ ಇದರ ಹೆಸರು ಕ್ವೀನ್ ಸ್ಟ್ರೀಟ್. ಜೇಮ್ಸ್‌ನ ಅಚ್ಚುಕೂಟ ಈ ಬೀದಿಯಲ್ಲಿತ್ತು. ಮದುವೆಯಾಗಿರದ ಜೇಮ್ಸ್ ತಾನೂ ತನ್ನ ಹುಡುಗರೂ ಬೇರೊಂದು ಮನೆಯಲ್ಲಿ ಊಟ ಮಾಡುವಂತೆ ಹಣ ಕೊಟ್ಟು ಏರ್ಪಾಡು ಮಾಡಿದ್ದ. ಸುಮಾರು 16ನೆಯ ವಯಸ್ಸಿನಲ್ಲಿ ಮಾಂಸ ಬಿಟ್ಟ ಬೆಂಜಮಿನ್, ತನ್ನ ಊಟಕ್ಕೆ ತೆರುವ ಹಣದ ಅರ್ಧವನ್ನು ಕೈಗೆ ಕೊಟ್ಟರೆ ತಾನೇ ಅಡುಗೆ ಮಾಡಿಕೊಳ್ಳುವೆನೆಂದು ಅಣ್ಣನಿಗೆ ಹೇಳಿದ. ಅಣ್ಣ ಕೂಡಲೇ ಒಪ್ಪಿದ. ಆ ಅರ್ಧದಲ್ಲೂ ಅರ್ಧ ಉಳಿಸಿ ಹುಡುಗ ಪುಸ್ತಕ ಕೊಂಡ. ಸಂಬಳವಿಲ್ಲದವನ ಕೈಗೆ ಕಾಸು ಸೇರಿದ ಈ ಬಗೆ ನನಗೆ ಬಹಳ ಮೆಚ್ಚುಗೆಯಾಯಿತು.

1723ರಲ್ಲಿ ಜೇಮ್ಸ್ ತನ್ನ ಪತ್ರಿಕೆಯನ್ನು ಪ್ರಕಟಿಸಬಾರದೆಂದು ಶಾಸನಸಭೆ ತಡೆಯಿತು. ಪತ್ರಿಕೆ ಬೆಂಜಮಿನ್‌ನ ಹೆಸರಿನಲ್ಲಿ ಹೊರಡಬೇಕಾಯಿತು. ಅದಕ್ಕಾಗಿ ಹಳೆಯ ಕರಾರುಪತ್ರದ ಹಿಂಬದಿಯಲ್ಲಿ ಬಿಡುಗಡೆ ಬರೆದು, ಉಳಿದ ಅವಧಿಗೆ ಗುಟ್ಟಾಗಿ ಹೊಸ ಕರಾರು ಮಾಡಿಕೊಂಡರು. ಹೊಸ ಪತ್ರವನ್ನು ಅಣ್ಣ ಯಾರಿಗೂ ತೋರಿಸಲಾರ ಎಂಬ ಧೈರ್ಯದಲ್ಲಿ, 17ರ ಬೆಂಜಮಿನ್ ತಾನು ಸ್ವತಂತ್ರನೆಂದ. ಬಾಸ್ಟನ್ನಿನ ಒಬ್ಬ ಮುದ್ರಕನೂ ಇವನಿಗೆ ಕೆಲಸ ಕೊಡದಂತೆ ಜೇಮ್ಸ್ ಎಲ್ಲರಿಗೂ ಹೇಳಿಬಂದ. ಆಗ ಹುಡುಗ ಒಂದಿಷ್ಟು ಪುಸ್ತಕ ಮಾರಿ ಹಡಗಿಗೆ ಹಣ ಹೊಂದಿಸಿ ನ್ಯೂಯಾರ್ಕಿಗೆ, ಅಲ್ಲಿ ಕೆಲಸ ಸಿಗದೆ ಫಿಲಡೆಲ್ಫಿಯಕ್ಕೆ ಹೋದ. ಊಟದಲ್ಲಿ ಉಳಿಸಿದ್ದು ಪುಸ್ತಕವಾಯಿತು, ಪುಸ್ತಕ ಪ್ರಯಾಣದ ಖರ್ಚಾಯಿತು.

ಜೇಮ್ಸ್ ತಮ್ಮನನ್ನು ಹೊಡೆಯುತ್ತಿದ್ದ. ಅದನ್ನು ನಾನು ಎಂದೂ ಸಮರ್ಥಿಸಲಾರೆ. ಬಹುಕಾಲ ಅವನನ್ನು ಬರಿಯ ಕ್ರೂರಿಯೆಂದೇ ತಿಳಿದಿದ್ದೆ. ಲೆಕ್ಕ ಹಾಕಿದ ಮೇಲೆ ಆ ಮಾತಿನಲ್ಲಿ ಗಟ್ಟಿಯಾಗಿ ನಿಲ್ಲಲಾಗುತ್ತಿಲ್ಲ. ಒಂಬತ್ತು ವರ್ಷಗಳಲ್ಲಿ ಅವನು ಕಲಿಸಿ, ಉಣಿಸಿ, ನಷ್ಟ ಸಹಿಸಿದ ವರ್ಷಗಳು ಮುಗಿದಿದ್ದವು. ಹೋದದ್ದು ಫಲ ಕೊಡಬೇಕಿದ್ದ ಕೊನೆಯ ನಾಲ್ಕು ವರ್ಷ. ಇಂಗ್ಲೆಂಡಿನ 1563ರ ಕಾನೂನು ಕಸುಬಿನ ಕಲಿಕೆಗೆ ಏಳು ವರ್ಷಗಳಿಗೆ ಕಡಿಮೆಯಿಲ್ಲದ ಅವಧಿ ವಿಧಿಸಿತ್ತು. ಇಷ್ಟು ದೀರ್ಘಾವಧಿ ಬೇಕಿಲ್ಲವೆಂದು 1776ರಲ್ಲಿ ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ ವಾದಿಸಿದ. ಕಲಿಯುವುದಕ್ಕೆ ಬೇಕಾದ ಕಾಲವನ್ನಷ್ಟೇ ಎಣಿಸಿದರೆ ಅವನ ಮಾತು ಸರಿ. ಕಲಿಸಿದವನಿಗೆ ಹಾಕಿದ್ದು ಹಿಂದಿರುಗಲು ಬೇಕಾದ ಕಾಲ ಬೇರೆ.

ಕೊನೆಯ ದೃಶ್ಯ ಗ್ರಾನರಿ ಸ್ಮಶಾನದ್ದು. ಆ ಎತ್ತರದ ಕಂಬ ಬೆಂಜಮಿನ್‌ನ ತಂದೆತಾಯಿಯರ ಸಮಾಧಿ. ಗೇಟು ಮುಚ್ಚುವ ಹೊತ್ತಾದ್ದರಿಂದ ಬೇಗ ಹೇಳುತ್ತೇನೆ. ಬೆಂಜಮಿನ್ ಬಾಸ್ಟನ್ ಬಿಟ್ಟ ಹತ್ತು ವರ್ಷಗಳ ನಂತರ, ಜೇಮ್ಸ್ ನೆಲೆಸಿದ್ದ ನ್ಯೂಪೋರ್ಟಿನಲ್ಲಿ ಅಣ್ಣತಮ್ಮಂದಿರು ರಾಜಿಯಾದರು. ಕಾಯಿಲೆ ಬಿದ್ದಿದ್ದ ಜೇಮ್ಸ್, ತಾನು ಸತ್ತರೆ ತನ್ನ ಚಿಕ್ಕ ಮಗನಿಗೆ ಮುದ್ರಣದ ಕೆಲಸ ಕಲಿಸಬೇಕೆಂದು ಕೇಳಿಕೊಂಡ. 1735ರಲ್ಲಿ ಅವನು ತೀರಿಕೊಂಡ. ಬೆಂಜಮಿನ್ ಆ ಹುಡುಗನನ್ನು ಕೆಲವು ವರ್ಷ ಶಾಲೆಗೆ ಕಳಿಸಿದ, ಆಮೇಲೆ ತನ್ನ ಅಚ್ಚುಕೂಟಕ್ಕೆ ಸೇರಿಸಿಕೊಂಡ. ಬೇಗ ಬಿಟ್ಟುಹೋಗಿ ಅಣ್ಣನಿಗೆ ತಪ್ಪಿಸಿದ್ದ ದುಡಿಮೆಯನ್ನು ಹೀಗೆ ತೀರಿಸಿದೆನೆಂದು ಅವನೇ ಬರೆದಿದ್ದಾನೆ. ಆ ಹುಡುಗ ಸ್ವಂತವಾಗಿ ಕೆಲಸ ಆರಂಭಿಸುವಾಗ ಅವನಿಗೆ ಒಂದು ಸೆಟ್ ಹೊಸ ಅಚ್ಚುಮೊಳೆಗಳನ್ನೂ ಕೊಟ್ಟ. ಜೇಮ್ಸ್‌ನ ಕಾಲದ ಮೊಳೆಗಳು ಅಷ್ಟರಲ್ಲಿ ಸವೆದುಹೋಗಿದ್ದವು.